ರಸೀದಿ ಪುಸ್ತಕಕ್ಕೆ ಕೇಳಿದ ಪ್ರಶ್ನೆಗಳು



ನಮ್ಮ ವಿದ್ಯಾರ್ಥಿನಿಲಯದ ಕಚೇರಿಯಲ್ಲಿ ಒಂದು ಕಬ್ಬಿಣದ ಬೀರು ಇದೆ. ಅದರ ಕೆಳಗಿನ ಎರಡು ಅರೆಗಳ ತುಂಬ ರಸೀದಿ ಪುಸ್ತಕಗಳು. ರಸೀದಿಯ ಮೇಲಿನ ಹಾಳೆ ಕೊಟ್ಟವರ ಕೈಗೆ ಹೋಗಿರುತ್ತದೆ. ಕೆಳಗಿನ ತೆಳು ಹಾಳೆ ಕಾರ್ಬನ್ನಿನ ನೀಲಿ ಅಕ್ಷರ ಹೊತ್ತು ಪುಸ್ತಕದಲ್ಲೇ ಉಳಿದಿರುತ್ತದೆ. ಹಳೆಯ ಪುಸ್ತಕ ತೆರೆದರೆ ಈಗಲೂ ಬೆರಳಿಗೆ ಮಸಿ ಹತ್ತುತ್ತದೆ. ಒತ್ತಿ ಬರೆದವರ ಅಕ್ಷರ ಹಾಗೇ ಇದೆ, ಹಗುರ ಕೈಯವರದ್ದು ಮಾಸಿದೆ. ಇಂಥವರು, ಇಂಥ ಊರು, ಇಷ್ಟು ರೂಪಾಯಿ, ಅನ್ನದಾನಕ್ಕೆ ಅಥವಾ ಪುಸ್ತಕಕ್ಕೆ, ತಾರೀಖು, ಸಹಿ.

ಹಾಸನ ಜಿಲ್ಲೆಯ ಹಳ್ಳಿಗಳಿಂದ ಓದಲು ಬರುವ ಹೆಣ್ಣುಮಕ್ಕಳಿಗೆ ಊಟ, ವಸತಿ ಕೊಡುವ ಸಣ್ಣ ಟ್ರಸ್ಟು ನಮ್ಮದು. ಬ್ಯಾಂಕಿನ ಕೆಲಸದಿಂದ ನಿವೃತ್ತಳಾದ ಮೇಲೆ ನಾನು ಅಲ್ಲಿ ಲೆಕ್ಕ ನೋಡಿಕೊಳ್ಳುತ್ತಿದ್ದೇನೆ. ಪ್ರತಿ ವರ್ಷ ಏಪ್ರಿಲ್‌ನಲ್ಲಿ ಸಮಿತಿಯ ಸಭೆ ಸೇರುತ್ತದೆ. ಬಂದವರೆಲ್ಲ ಕೇಳುವ ಪ್ರಶ್ನೆ ಒಂದೇ: "ಈ ಸಲ ಎಷ್ಟಾಯ್ತು?" ನಾನು ಮೊತ್ತ ಹೇಳುತ್ತೇನೆ. ಹಿಂದಿನ ವರ್ಷಕ್ಕಿಂತ ಹೆಚ್ಚಿದ್ದರೆ ಸಮಾಧಾನ, ಕಡಿಮೆಯಿದ್ದರೆ ಜನರಿಗೆ ಮೊದಲಿನ ಮನಸ್ಸಿಲ್ಲ ಎಂಬ ಮಾತು. ಅಲ್ಲಿಗೆ ಬೀರುವಿನ ಬಾಗಿಲು ಇನ್ನೊಂದು ವರ್ಷಕ್ಕೆ ಮುಚ್ಚುತ್ತಿತ್ತು.

ಆ ಒಂದು ಪ್ರಶ್ನೆ ಸಾಲದು. ಜನರಿಗೆ ಮನಸ್ಸಿಲ್ಲ ಎಂಬ ತೀರ್ಮಾನವನ್ನು ಮೊತ್ತ ನೋಡಿ ಕೊಡುವುದು ಕೊಟ್ಟವರಿಗೆ ಮಾಡುವ ಅನ್ಯಾಯ ಎಂದು ನಾನು ನಂಬಿದ್ದೇನೆ. ಇದೇ ಪುಸ್ತಕಗಳನ್ನು ಕಂಪ್ಯೂಟರಿಗೆ ಏರಿಸಿ, ಅವಕ್ಕೆ ಬೇರೆ ಬೇರೆ ಪ್ರಶ್ನೆ ಕೇಳಿದಾಗ ನಮಗೆ ಕಂಡದ್ದನ್ನು ಈ ಹೊತ್ತು ನಿಮ್ಮೊಡನೆ ಹಂಚಿಕೊಳ್ಳುತ್ತೇನೆ.

ದಾನದ ದಾಖಲೆ ಇಡುವುದು ನಮ್ಮ ನಾಡಿಗೆ ಹೊಸದೇನೂ ಅಲ್ಲ. ನಮ್ಮದೇ ಜಿಲ್ಲೆಯ ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ 1936ರಲ್ಲಿ ಎಂ. ಎಚ್. ಕೃಷ್ಣ ಅವರು ಗುರುತಿಸಿದ ಶಾಸನ ಸುಮಾರು ಕ್ರಿ.ಶ. 450ರದು ಎನ್ನುತ್ತಾರೆ. ಕನ್ನಡದ ಅತಿ ಹಳೆಯ ಶಾಸನಗಳ ಮಾತು ಬಂದಾಗಲೆಲ್ಲ ಅದರ ಹೆಸರು ಬರುತ್ತದೆ. ಅದರಲ್ಲಿ ಏನಿದೆ ಎಂದು ನೋಡಿದರೆ, ಅದೂ ಒಂದು ದತ್ತಿಯ ದಾಖಲೆ. ಯುದ್ಧದಲ್ಲಿ ಪರಾಕ್ರಮ ತೋರಿದ ವಿಜ ಅರಸ ಎಂಬವನಿಗೆ ಊರುಗಳನ್ನು ಬಿಟ್ಟುಕೊಟ್ಟದ್ದನ್ನು ಕಲ್ಲಿನಲ್ಲಿ ಬರೆಸಿದ್ದಾರೆ. ಆಮೇಲಿನ ಸಾವಿರಾರು ದಾನಶಾಸನಗಳಲ್ಲಿಯೂ ಅದೇ ಕಲಂಗಳು: ಕೊಟ್ಟವರಾರು, ಪಡೆದವರಾರು, ಯಾವ ತಿಥಿ, ಎಷ್ಟು ಮತ್ತರು ಭೂಮಿ ಅಥವಾ ಎಷ್ಟು ಗದ್ಯಾಣ, ನಾಲ್ಕು ದಿಕ್ಕಿನ ಎಲ್ಲೆ, ಸಾಕ್ಷಿಗಳು, ಕೊನೆಗೆ ಇದನ್ನು ಕೆಡಿಸಿದವರಿಗೆ ಶಾಪ. ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕ ಸಂಪುಟಗಳು ಈ ಶಾಸನಗಳನ್ನು ತಾಲ್ಲೂಕುವಾರು ಜೋಡಿಸಿ, ಒಂದೊಂದಕ್ಕೂ ಒಂದೊಂದು ಸಂಖ್ಯೆ ಕೊಟ್ಟವು. ತಾಲ್ಲೂಕಿನ ಹೆಸರು ಮತ್ತು ಸಂಖ್ಯೆ ಹೇಳಿದರೆ ಸಾಕು, ಸಂಶೋಧಕರು ನೇರವಾಗಿ ಆ ಕಲ್ಲಿಗೆ ಹೋಗಿ ಮುಟ್ಟುತ್ತಾರೆ. ಡೇಟಾಬೇಸಿನ ಮೊದಲ ಪಾಠವೂ ಅದೇ: ಪ್ರತಿಯೊಂದು ಸಾಲಿಗೂ ಅದಕ್ಕೊಂದೇ ಆದ ಗುರುತಿನ ಸಂಖ್ಯೆ ಇರಬೇಕು.

ಶಾಸನ ಓದುವವರು ಪಡುವ ಪಾಡೂ ನಮ್ಮದೇ. ಮತ್ತರು ಅಳೆಯುವ ಕೋಲು ಎಲ್ಲ ಕಡೆಯೂ ಒಂದೇ ಉದ್ದದ್ದಲ್ಲ. ಆದ್ದರಿಂದ ಒಂದು ಊರಿನ ಹತ್ತು ಮತ್ತರನ್ನು ಇನ್ನೊಂದು ಊರಿನ ಹತ್ತು ಮತ್ತರಿಗೆ ಕೂಡಿಸುವಂತಿಲ್ಲ. ನಮ್ಮ ರಸೀದಿಗಳಲ್ಲಿ "ಒಂದು ಮೂಟೆ ಅಕ್ಕಿ" ಎಂದಿದೆ. ಮೂಟೆ ಇಪ್ಪತ್ತೈದು ಕಿಲೋದ್ದೋ ಐವತ್ತರದ್ದೋ ಬರೆದಿಲ್ಲ.

ಡೇಟಾಬೇಸ್ ಎಂದರೆ ಭಯ ಬೇಡ. ಒಂದಕ್ಕೊಂದು ಹೊಂದಿಕೊಂಡ ಕೆಲವು ಪುಸ್ತಕಗಳು, ಅಷ್ಟೆ. ನಮ್ಮಲ್ಲಿ ಮೂರು ಇವೆ. ಒಂದರಲ್ಲಿ ದಾನಿಗಳು: ದಾನಿ ಸಂಖ್ಯೆ, ಹೆಸರು, ಊರು, ತಾಲ್ಲೂಕು, ಫೋನು. ಎರಡನೆಯದರಲ್ಲಿ ರಸೀದಿಗಳು: ರಸೀದಿ ಸಂಖ್ಯೆ, ದಾನಿ ಸಂಖ್ಯೆ, ತಾರೀಖು, ಮೊತ್ತ. ಮೂರನೆಯದರಲ್ಲಿ ಯಾವ ರಸೀದಿಯ ಹಣ ಯಾವ ಉದ್ದೇಶಕ್ಕೆ ಎಂಬ ವಿವರ. ಹೀಗೆ ಮಾಹಿತಿಯನ್ನು ಸಾಲು-ಕಲಂಗಳ ಪಟ್ಟಿಗಳಾಗಿ ಒಡೆದಿಟ್ಟು, ಬೇಕಾದಾಗ ಸಂಖ್ಯೆಯ ಕೊಂಡಿಯಿಂದ ಜೋಡಿಸಿಕೊಳ್ಳಬಹುದು ಎಂದು 1970ರಲ್ಲಿ ತೋರಿಸಿಕೊಟ್ಟವರು ಐಬಿಎಂ ಸಂಸ್ಥೆಯ ಇ. ಎಫ್. ಕಾಡ್. ಅದೇ ಸಂಸ್ಥೆಯ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ 1974ರಲ್ಲಿ ಆ ಪಟ್ಟಿಗಳಿಗೆ ಪ್ರಶ್ನೆ ಕೇಳುವ ಭಾಷೆಯೊಂದನ್ನು ಮುಂದಿಟ್ಟರು. ಇಂದು ಅದನ್ನು ಎಸ್‌ಕ್ಯೂಎಲ್ ಎನ್ನುತ್ತೇವೆ. ಪ್ರೋಗ್ರಾಂ ಬರೆಯಲು ಕಲಿಯದವರೂ ಕೇಳುವಂತಿರಬೇಕು ಎಂಬುದು ಅವರ ಆಸೆಯಾಗಿತ್ತು. ನನ್ನಂಥವಳಿಗೆ ಅದು ದಕ್ಕಿರುವುದು ಆ ಆಸೆಯ ಫಲ.

ನಮ್ಮಲ್ಲೇ ಲೆಕ್ಕಪತ್ರಕ್ಕೆ ಸಹಾಯ ಮಾಡುತ್ತಿದ್ದು, ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಹುಡುಗನೊಬ್ಬ ಮೂರು ಭಾನುವಾರ ಬಂದು ಹೇಳಿಕೊಟ್ಟ. "ಅಕ್ಕ, ಐದಾರು ಪದ ಗೊತ್ತಿದ್ರೆ ಸಾಕು" ಎಂದ. ಸೆಲೆಕ್ಟ್ ಎಂದರೆ ಯಾವ ಕಲಂ ತೋರಿಸಬೇಕು, ಫ್ರಮ್ ಎಂದರೆ ಯಾವ ಪುಸ್ತಕದಿಂದ, ವೇರ್ ಎಂದರೆ ಯಾವ ಷರತ್ತಿನಂತೆ, ಗ್ರೂಪ್ ಬೈ ಎಂದರೆ ಯಾವುದರ ಪ್ರಕಾರ ಗುಂಪು ಮಾಡಬೇಕು. ಬರೆಯುವಾಗ "ತೋರಿಸು" ಎಂಬ ಮಾತು ಮೊದಲು ಬರುತ್ತದೆ. ಆದರೆ ಯಂತ್ರ ಅದನ್ನು ಅರ್ಥಮಾಡಿಕೊಳ್ಳುವ ಕ್ರಮ ನಮ್ಮ ಕನ್ನಡ ವಾಕ್ಯದ ಕ್ರಮ. ರಸೀದಿ ಪುಸ್ತಕದಿಂದ, ಕಳೆದ ವರ್ಷದವುಗಳನ್ನು ಆರಿಸಿ, ತಾಲ್ಲೂಕುವಾರು ಗುಂಪು ಮಾಡಿ, ಮೊತ್ತವನ್ನು ತೋರಿಸು. ಕ್ರಿಯಾಪದ ಕೊನೆಗೆ. ಇದು ತಿಳಿದ ದಿನದಿಂದ ನಾನು ಪ್ರಶ್ನೆಯನ್ನು ಮೊದಲು ಕನ್ನಡದಲ್ಲಿ ಒಂದು ಕಾಗದದ ಮೇಲೆ ಬರೆದುಕೊಂಡು ಆಮೇಲೆ ಕೀಲಿಮಣೆ ಮುಟ್ಟುತ್ತೇನೆ.

ಪ್ರಶ್ನೆ ಕೇಳುವ ಮೊದಲು ಆಗಬೇಕಾದ ಕೆಲಸ ಬೇರೆಯೇ ಇತ್ತು. ನಮಗೆ ಅತಿ ಹೆಚ್ಚು ಕಾಲ ಹಿಡಿದದ್ದು ಅದಕ್ಕೇ. ರಸೀದಿಗಳಲ್ಲಿ ಹೆಸರು ಬರೆದವರು ಹತ್ತಾರು ಜನ. ಒಬ್ಬರು "ಶಿವಣ್ಣ" ಎಂದು ಬರೆದರೆ ಇನ್ನೊಬ್ಬರು "ಕೆ. ಶಿವಣ್ಣ", ಮತ್ತೊಬ್ಬರು "ಶಿವಣ್ಣ ಮೇಷ್ಟ್ರು". ಯಂತ್ರಕ್ಕೆ ಇವರು ಮೂವರು. ಇನ್ನೊಂದು ಕಡೆ ಒಂದೇ ಊರಿನಲ್ಲಿ ನಾಲ್ಕು ಜನ ಪುಟ್ಟಮ್ಮಂದಿರು, ಯಂತ್ರಕ್ಕೆ ಇವರೆಲ್ಲ ಒಬ್ಬರೇ. ಫೋನ್ ಸಂಖ್ಯೆಯಿಂದ ಗುರುತು ಹಿಡಿಯೋಣವೆಂದರೆ ಹಳ್ಳಿಯ ಮನೆಯಲ್ಲಿ ಅತ್ತೆ, ಸೊಸೆ, ಮೊಮ್ಮಗ ಮೂವರೂ ಕೊಡುವುದು ಒಂದೇ ಸಂಖ್ಯೆ.

ಇದಕ್ಕೆ ಕಂಪ್ಯೂಟರಿನಲ್ಲಿ ಉಪಾಯವಿರಲಿಲ್ಲ. ನಮ್ಮ ಅಡುಗೆ ಮನೆಯಲ್ಲಿ ಇಪ್ಪತ್ತು ವರ್ಷದಿಂದ ಇರುವ ಅಜ್ಜಿಯನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡೆ. ಅವರಿಗೆ ಓದು ಬಾರದು. ನಾನು ಹೆಸರು, ಊರು, ತಾರೀಖು ಓದುತ್ತ ಹೋದೆ. ಅವರು ತೊಗರಿಬೇಳೆ ಆರಿಸುತ್ತಲೇ ಹೇಳುತ್ತ ಹೋದರು: "ಈ ಪುಟ್ಟಮ್ಮ ಆ ಪುಟ್ಟಮ್ಮ ಅಲ್ಲ ಕಣಮ್ಮ. ಇವಳು ಕೆರೆ ಏರಿ ಮನೆಯವಳು, ಮಗಳ ಮದುವೆ ಆದ ವರ್ಷ ಕಾಯಿ ಕಳಿಸಿದ್ಲು. ಅವಳು ಅಂಗಡಿ ಬೀದಿಯವಳು." ಹದಿನೈದು ದಿನ ಸಂಜೆ ಹೀಗೆ ಕೂತು ಮುಗಿಸಿದೆವು. ನಮ್ಮ ದಾನಿಗಳ ಪುಸ್ತಕದಲ್ಲಿ ಈಗ ಪ್ರತಿಯೊಬ್ಬರಿಗೂ ಒಂದು ಸಂಖ್ಯೆ ಇದ್ದರೆ ಅದಕ್ಕೆ ಆ ಅಜ್ಜಿಯ ನೆನಪೇ ಆಧಾರ. ದತ್ತಾಂಶ ಶುದ್ಧಿ ಎಂದು ಪುಸ್ತಕಗಳು ಹೇಳುವ ಕೆಲಸ ಇದು. ಊರಿನವರನ್ನು ಬಲ್ಲವರು ಪಕ್ಕದಲ್ಲಿಲ್ಲದೆ ಇದನ್ನು ಮಾಡಲು ಯಾರೂ ಕೈ ಹಾಕಬಾರದು.

ದಾನಿಗಳಿಗೆ ತೆರಿಗೆ ವಿನಾಯಿತಿ ಸಿಗುವ 80ಜಿ ಮಾನ್ಯತೆ ಇರುವ ಸಂಸ್ಥೆಗಳಿಗೆ ಈ ಕೆಲಸ ಈಗ ಕಾನೂನಿನ ಅಗತ್ಯವೂ ಆಗಿದೆ. 2021–22ರ ಹಣಕಾಸು ವರ್ಷದಿಂದ ದಾನಿಗಳ ಹೆಸರು, ಗುರುತಿನ ಸಂಖ್ಯೆ, ವಿಳಾಸ, ಮೊತ್ತವನ್ನು ಫಾರಂ 10ಬಿಡಿಯಲ್ಲಿ ತುಂಬಿ ಮೇ 31ರೊಳಗೆ ಆದಾಯ ತೆರಿಗೆ ಇಲಾಖೆಗೆ ಸಲ್ಲಿಸುವ ನಿಯಮ ಬಂತು. ಹೆಸರು, ಸಂಖ್ಯೆ ತಪ್ಪಿದರೆ ಕೊಟ್ಟವರಿಗೆ ತೆರಿಗೆ ವಿನಾಯಿತಿ ತಪ್ಪುತ್ತದೆ. ಇಷ್ಟು ಶ್ರಮ ಹೇಗೂ ಪಡಬೇಕಾಗಿರುವಾಗ ಆ ಪಟ್ಟಿಯನ್ನು ಇಲಾಖೆಗೆ ಕಳಿಸಿ ಮರೆಯುವುದೇಕೆ? ಅದೇ ಪಟ್ಟಿಗೆ ನಮ್ಮ ಪ್ರಶ್ನೆಗಳನ್ನೂ ಕೇಳಬಹುದು.

ಮೊದಲು ಕೈಹಾಕಿದ್ದು ಸರಾಸರಿಗೆ. ಸರಾಸರಿ ದಾನ ಏರಿದೆ ಎಂದರೆ ಸಮಿತಿಗೆ ಸಂತೋಷ. ಆದರೆ ಹತ್ತು ಜನ ನೂರು ನೂರು ರೂಪಾಯಿ ಕೊಟ್ಟು, ಹನ್ನೊಂದನೆಯವರು ಒಂದು ಲಕ್ಷ ಕೊಟ್ಟರು ಎಂದುಕೊಳ್ಳಿ. ಸರಾಸರಿ ಒಂಬತ್ತು ಸಾವಿರದ ನೂರ ಎಂಬತ್ತು ದಾಟುತ್ತದೆ. ಆ ಹನ್ನೊಂದು ಜನರಲ್ಲಿ ಒಬ್ಬರೂ ಅಷ್ಟು ಕೊಟ್ಟಿಲ್ಲ. ಮೊತ್ತಗಳನ್ನು ಸಾಲಾಗಿ ನಿಲ್ಲಿಸಿ ಸರಿಯಾಗಿ ನಡುವೆ ಇರುವುದನ್ನು ನೋಡಿದರೆ ನೂರು ರೂಪಾಯಿ. ಶಾಲೆಯ ಗಣಿತದಲ್ಲಿ ಇದನ್ನೇ ಮಧ್ಯಾಂಕ ಎಂದು ಕಲಿತಿದ್ದೇವೆ.

ಇದಕ್ಕೆ ದೊಡ್ಡ ಉದಾಹರಣೆ ಅಮೆರಿಕದಲ್ಲಿದೆ. ನ್ಯೂಯಾರ್ಕಿನ ಬ್ರಾಂಕ್ಸ್ ಭಾಗದ ಶಾಲಾ ಶಿಕ್ಷಕ ಚಾರ್ಲ್ಸ್ ಬೆಸ್ಟ್ 2000ನೇ ಇಸವಿಯಲ್ಲಿ ಡೋನರ್ಸ್‌ಚೂಸ್ ಎಂಬ ಸಂಸ್ಥೆ ಕಟ್ಟಿದರು. ಸರ್ಕಾರಿ ಶಾಲೆಯ ಶಿಕ್ಷಕರು ತಮ್ಮ ತರಗತಿಗೆ ಬೇಕಾದ ಪುಸ್ತಕ, ಬಣ್ಣ, ಸೂಕ್ಷ್ಮದರ್ಶಕಗಳ ಬೇಡಿಕೆ ಬರೆಯುತ್ತಾರೆ. ಎಲ್ಲೋ ಇರುವವರು ಓದಿ, ತಮಗೆ ಮನಸ್ಸು ಬಂದದ್ದಕ್ಕೆ ಹತ್ತು, ಇಪ್ಪತ್ತು, ಐವತ್ತು ಡಾಲರ್ ಕೊಡುತ್ತಾರೆ. 2018ರ ಮಾರ್ಚ್‌ನಲ್ಲಿ ರಿಪ್ಪಲ್ ಎಂಬ ಕಂಪನಿ ಒಂದೇ ಸಲಕ್ಕೆ 2 ಕೋಟಿ 90 ಲಕ್ಷ ಡಾಲರ್ ಕೊಟ್ಟು, ಆ ಹೊತ್ತಿಗೆ ಪಟ್ಟಿಯಲ್ಲಿದ್ದ ಅಷ್ಟೂ ಬೇಡಿಕೆಗಳನ್ನು, ಅಂದರೆ 35,647 ಬೇಡಿಕೆಗಳನ್ನು, ಪೂರೈಸಿಬಿಟ್ಟಿತು. ಶಿಕ್ಷಕರಿಗೆ ಅದು ಹಬ್ಬದ ದಿನ. ಆದರೆ ಆ ವರ್ಷದ ಮೊತ್ತವನ್ನು ಹಿಂದಿನ ವರ್ಷದ ಪಕ್ಕದಲ್ಲಿಟ್ಟು ಜನರ ಔದಾರ್ಯ ಇಷ್ಟು ಹೆಚ್ಚಿತು ಎಂದು ಬರೆದರೆ ತಪ್ಪಾಗುತ್ತದೆ. ಆ ಒಂದು ದಾನವನ್ನು ವೇರ್ ಎಂಬ ಷರತ್ತಿನಿಂದ ಬದಿಗಿಟ್ಟು ಉಳಿದವರನ್ನು ಎಣಿಸಿದಾಗಲೇ ಇಪ್ಪತ್ತು ಡಾಲರ್ ಕೊಡುವವರ ಪ್ರಪಂಚ ಕಾಣುವುದು.

ಅದೇ ವರ್ಷ ಆ ಸಂಸ್ಥೆ ತನ್ನ ದಾನದ ದಾಖಲೆಗಳನ್ನು ಕ್ಯಾಗಲ್ ಎಂಬ ತಾಣದಲ್ಲಿ ಎಲ್ಲರಿಗೂ ತೆರೆದಿಟ್ಟು, ಒಮ್ಮೆ ಕೊಟ್ಟವರು ಮತ್ತೆ ಬರುವಂತೆ ಮಾಡಲು ದಾರಿ ಹುಡುಕಿಕೊಡಿ ಎಂದು ಕೇಳಿತು. ದಾನಿಗಳು, ದಾನಗಳು, ಶಾಲೆಗಳು, ಶಿಕ್ಷಕರು, ಬೇಡಿಕೆಗಳು, ಬೇಕಾದ ಸಾಮಾನುಗಳು ಎಂದು ಬೇರೆ ಬೇರೆ ಪಟ್ಟಿಗಳು, ಲಕ್ಷಗಟ್ಟಲೆ ಸಾಲುಗಳು. ನನಗೆ ಪಾಠ ಹೇಳಿದ ಹುಡುಗ ಅಭ್ಯಾಸಕ್ಕೆಂದು ನನ್ನ ಕೈಗೆ ಕೊಟ್ಟದ್ದು ಅದನ್ನೇ. ಅದರಲ್ಲಿ ಎರಡು ಕಲಂಗಳನ್ನು ನೋಡಿ ನಾನು ಬಹಳ ಹೊತ್ತು ಸುಮ್ಮನೆ ಕೂತೆ. ಒಂದು, ಈ ದಾನಿ ಸ್ವತಃ ಶಿಕ್ಷಕರೇ ಎಂಬುದು. ತಾನೇ ಬೇಡಿಕೆ ಬರೆಯುವ ವರ್ಗದವರು ಇನ್ನೊಬ್ಬ ಶಿಕ್ಷಕರ ತರಗತಿಗೆ ಕೊಟ್ಟಿದ್ದಾರೋ ಎಂದು ಕೇಳಬಹುದು. ಇನ್ನೊಂದು, ಇದು ಆ ದಾನಿಯ ಎಷ್ಟನೆಯ ಸಲದ ದಾನ ಎಂಬುದು. ಮೊದಲನೆಯದೋ, ಎರಡನೆಯದೋ, ನೂರನೆಯದೋ. ನಮ್ಮ ಪುಸ್ತಕಗಳಲ್ಲಿ ಆ ಕಲಂ ಇರಲಿಲ್ಲ. ಆದರೆ ತಾರೀಖಿನ ಪ್ರಕಾರ ಪ್ರತಿ ದಾನಿಯ ರಸೀದಿಗಳನ್ನು ಎಣಿಸಿದರೆ ಅದು ತಾನಾಗಿ ಹುಟ್ಟುತ್ತದೆ. ಆವತ್ತಿನಿಂದ "ಎಷ್ಟಾಯ್ತು" ಎಂಬುದರ ಪಕ್ಕದಲ್ಲಿ "ಎಷ್ಟು ಜನ ಮತ್ತೆ ಬಂದರು" ಎಂಬುದನ್ನೂ ನಾನು ವರದಿಯಲ್ಲಿ ಬರೆಯುತ್ತೇನೆ.

ಎಚ್ಚರದ ಮಾತೊಂದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಎರಡು ಪಟ್ಟಿಗಳನ್ನು ಜೋಡಿಸುವುದಕ್ಕೆ ಜಾಯಿನ್ ಎನ್ನುತ್ತಾರೆ. ಒಬ್ಬರು ಐದು ಸಾವಿರ ಕೊಟ್ಟು, ಅರ್ಧ ಊಟಕ್ಕೆ ಅರ್ಧ ಪುಸ್ತಕಕ್ಕೆ ಎಂದರು. ಉದ್ದೇಶದ ಪಟ್ಟಿಯಲ್ಲಿ ಅದಕ್ಕೆ ಎರಡು ಸಾಲು. ರಸೀದಿಯನ್ನು ಅದಕ್ಕೆ ಜೋಡಿಸಿ ರಸೀದಿಯ ಮೊತ್ತವನ್ನು ಕೂಡಿಸಿದರೆ ಐದು ಸಾವಿರ ಎರಡು ಸಲ ಬಂದು ಹತ್ತು ಸಾವಿರವಾಗುತ್ತದೆ. ಯಂತ್ರ ಯಾವ ದೂರನ್ನೂ ಹೇಳುವುದಿಲ್ಲ. ಆದ್ದರಿಂದ ಬ್ಯಾಂಕ್ ಪಾಸ್‌ಬುಕ್ಕಿಗೆ ಮತ್ತು ನಗದು ಪುಸ್ತಕಕ್ಕೆ ತಾಳೆ ನೋಡದೆ ಯಾವ ಮೊತ್ತವನ್ನೂ ನಾನು ಸಭೆಗೆ ಒಯ್ಯುವುದಿಲ್ಲ.

ಈಗ ತಿಂಗಳುಗಳ ಮಾತು. ನಮ್ಮ ಟ್ರಸ್ಟು ಹಿಂದಿನಿಂದಲೂ ಜೂನ್‌ನಲ್ಲಿ, ಶಾಲೆ ತೆರೆಯುವ ಹೊತ್ತಿಗೆ, ಎಲ್ಲ ದಾನಿಗಳಿಗೂ ಪತ್ರ ಹಾಕುತ್ತಿತ್ತು. ನಮಗೆ ಖರ್ಚು ಆಗ ಶುರುವಾಗುತ್ತದೆ, ಆದ್ದರಿಂದ ಆಗ ಕೇಳುವುದು ಸಹಜ ಎಂದುಕೊಂಡಿದ್ದೆವು. ರಸೀದಿಗಳನ್ನು ತಾಲ್ಲೂಕು ಮತ್ತು ತಿಂಗಳ ಪ್ರಕಾರ ಗುಂಪು ಮಾಡಿದಾಗ ಬೇರೆ ಚಿತ್ರ ಕಂಡಿತು. ಸಕಲೇಶಪುರದ ಕಡೆಯ ರಸೀದಿಗಳೆಲ್ಲ ಜನವರಿಯಿಂದ ಮಾರ್ಚ್‌ವರೆಗೆ ಒತ್ತಾಗಿವೆ. ಕಾಫಿ ಕುಯ್ದು, ಒಣಗಿಸಿ, ಮಾರಿ, ಕೈಗೆ ಹಣ ಬರುವ ಕಾಲ ಅದು. ಹಾಸನದ ಸುತ್ತ ಆಲೂಗಡ್ಡೆ ಬೆಳೆಯುವ ಊರುಗಳ ರಸೀದಿಗಳು ಸೆಪ್ಟೆಂಬರ್, ಅಕ್ಟೋಬರಿನವು. ಜಲಂಧರದಿಂದ ಬರುವ ಬಿತ್ತನೆ ಆಲೂಗಡ್ಡೆಗೆ, ಗೊಬ್ಬರಕ್ಕೆ, ಮನೆ ಮಕ್ಕಳ ಫೀಸಿಗೆ ಸಾಲ ಮಾಡಿ ಕೂತಿರುವ ಮೇ-ಜೂನ್‌ನಲ್ಲಿ ನಮ್ಮ ಪತ್ರ ಅವರ ಮನೆ ಬಾಗಿಲಿಗೆ ಹೋಗಿ ನಿಲ್ಲುತ್ತಿತ್ತು. ಇಲ್ಲವೆನ್ನಲಾರದೆ ಅವರು ಎಷ್ಟು ಸಂಕಟಪಟ್ಟಿದ್ದಾರೋ ಎಂದು ನನಗೆ ಮನಸ್ಸು ನೊಂದಿತು. ಬೆಂಗಳೂರಿನ ನೌಕರಿಯವರ ದಾನ ಮಾರ್ಚ್ ಕೊನೆಯ ವಾರದ್ದು, ತೆರಿಗೆಯ ಲೆಕ್ಕ ಮುಗಿಯುವ ಹೊತ್ತು. ಹೊಸ ತೆರಿಗೆ ಪದ್ಧತಿಯಲ್ಲಿ 80ಜಿ ವಿನಾಯಿತಿ ಇಲ್ಲದ್ದರಿಂದ ಆ ವಾರದ ರಸೀದಿಗಳನ್ನು ಪ್ರತಿ ವರ್ಷ ಬೇರೆಯಾಗಿಯೇ ನೋಡುತ್ತಿದ್ದೇನೆ. ಈಗ ನಾವು ಪತ್ರವನ್ನು ಒಂದೇ ದಿನ ಹಾಕುವುದಿಲ್ಲ. ಕಾಫಿಯವರಿಗೆ ಫೆಬ್ರವರಿ, ಆಲೂಗಡ್ಡೆಯವರಿಗೆ ಸೆಪ್ಟೆಂಬರ್.

ಇಷ್ಟೆಲ್ಲ ಬಂದವರ ಲೆಕ್ಕ. ಬಾರದೆ ಹೋದವರ ಲೆಕ್ಕ ನನಗೆ ಇದಕ್ಕಿಂತ ದೊಡ್ಡದು. ರಸೀದಿ ಪುಸ್ತಕದಲ್ಲಿ ಬಾರದವರ ಹಾಳೆ ಇರುವುದಿಲ್ಲ. ಎಷ್ಟೇ ಪುಟ ಮಗುಚಿದರೂ ಅವರು ಸಿಗುವುದಿಲ್ಲ. ಕಳೆದ ವರ್ಷದ ಪಟ್ಟಿಯನ್ನು ಎಡಕ್ಕಿಟ್ಟು ಈ ವರ್ಷದ್ದನ್ನು ಬಲಕ್ಕಿಟ್ಟು, ಎಡಕ್ಕಿದ್ದು ಬಲಕ್ಕೆ ಖಾಲಿಯಾದವರು ಯಾರು ಎಂದು ಕೇಳಿದಾಗ ಮಾತ್ರ ಅವರು ಎದ್ದು ಬರುತ್ತಾರೆ.

ಮೊದಲ ಸಲ ನಾನು ಈ ಪ್ರಶ್ನೆಯನ್ನು ಹೀಗೆ ಕೇಳಿದೆ: ಕಳೆದ ವರ್ಷದ ದಾನಿಗಳಲ್ಲಿ, ಈ ವರ್ಷದ ರಸೀದಿ ಪಟ್ಟಿಯಲ್ಲಿ ಯಾರ ಸಂಖ್ಯೆ ಇಲ್ಲವೋ ಅವರನ್ನು ತೋರಿಸು. ಉತ್ತರವಾಗಿ ಒಂದೂ ಸಾಲು ಬರಲಿಲ್ಲ. ಯಾರೂ ನಮ್ಮನ್ನು ಬಿಟ್ಟು ಹೋಗಿಲ್ಲ ಎಂದು ಸಭೆಯಲ್ಲಿ ಹೇಳಿದೆ. ಎಲ್ಲರಿಗೂ ಖುಷಿಯಾಯಿತು. ಆದರೆ ಮನೆಗೆ ಬಂದ ಮೇಲೆ ಸಮಾಧಾನವಾಗಲಿಲ್ಲ. ಪ್ರತಿ ತಿಂಗಳೂ ಐನೂರು ರೂಪಾಯಿ ಹಾಕುತ್ತಿದ್ದ ಒಬ್ಬರ ಹೆಸರನ್ನು ನಾನು ಆ ವರ್ಷ ಬರೆದ ನೆನಪೇ ಇರಲಿಲ್ಲ. ಮಾರನೆಯ ದಿನ ಒಂದೊಂದೇ ರಸೀದಿ ತೆಗೆದು ನೋಡಿದಾಗ ಕಾರಣ ಸಿಕ್ಕಿತು. ಆ ವರ್ಷ ಯಾರೋ ಒಬ್ಬರು ಬಂದು, ಎರಡು ಸಾವಿರ ರೂಪಾಯಿ ಮೇಜಿನ ಮೇಲಿಟ್ಟು, "ಹೆಸರು ಬೇಡ ತಾಯಿ" ಎಂದು ಹೋಗಿದ್ದರು. ಅವರ ರಸೀದಿಯಲ್ಲಿ ದಾನಿ ಸಂಖ್ಯೆಯ ಜಾಗ ಖಾಲಿ.

ಈ ಖಾಲಿಗೆ ನಲ್ ಎಂಬ ಹೆಸರಿದೆ. ಅದು ಸೊನ್ನೆ ಅಲ್ಲ. ಸೊನ್ನೆ ಎಂದರೆ ಏನೂ ಇಲ್ಲ ಎಂಬ ತಿಳಿವಳಿಕೆ, ನಲ್ ಎಂದರೆ ಗೊತ್ತಿಲ್ಲ. ಅಕ್ಕಿ ಮೂಟೆಯ ರಸೀದಿಯಲ್ಲಿ ಮೊತ್ತದ ಜಾಗ ಖಾಲಿ ಬಿಟ್ಟರೆ ಸರಾಸರಿ ತೆಗೆಯುವಾಗ ಯಂತ್ರ ಅದನ್ನು ಬಿಟ್ಟು ಮುಂದೆ ಹೋಗುತ್ತದೆ. ಸೊನ್ನೆ ಬರೆದರೆ ಆ ದಾನಿ ಏನೂ ಕೊಡಲಿಲ್ಲವೆಂದು ಲೆಕ್ಕಕ್ಕೆ ಹಿಡಿಯುತ್ತದೆ. ನನ್ನ ಪ್ರಶ್ನೆಯಲ್ಲಿ ಆದದ್ದು ಇನ್ನೂ ಸೂಕ್ಷ್ಮ. ಯಂತ್ರ ಅಂದುಕೊಂಡದ್ದು ಹೀಗೆ: ಈ ವರ್ಷದ ಪಟ್ಟಿಯಲ್ಲಿ ಒಬ್ಬರ ಸಂಖ್ಯೆ "ಗೊತ್ತಿಲ್ಲ" ಎಂದಿದೆ. ನೀನು ಕೇಳುತ್ತಿರುವ ದಾನಿ ಅವರೇ ಇದ್ದರೂ ಇರಬಹುದು. ಹಾಗಿರುವಾಗ ಇವರು ಪಟ್ಟಿಯಲ್ಲಿ ಇಲ್ಲ ಎಂದು ನಾನು ಹೇಗೆ ಖಂಡಿತವಾಗಿ ಹೇಳಲಿ? ಪ್ರತಿಯೊಬ್ಬರ ವಿಷಯದಲ್ಲೂ ಯಂತ್ರಕ್ಕೆ ಇದೇ ಸಂದೇಹ. ಖಂಡಿತವಾಗಿ ಹೇಳಲಾಗದ್ದನ್ನು ಅದು ತೋರಿಸುವುದಿಲ್ಲ. ಹೆಸರು ಬೇಡವೆಂದ ಒಬ್ಬ ಪುಣ್ಯಾತ್ಮರ ರಸೀದಿಯ ಹಿಂದೆ ಬಿಟ್ಟು ಹೋದವರೆಲ್ಲ ಮರೆಯಾಗಿದ್ದರು. ಮೊದಲು ಬಳಸಿದ್ದ ನಾಟ್ ಇನ್ ಎಂಬ ಪದಗಳ ಜಾಗದಲ್ಲಿ ನಾಟ್ ಎಗ್ಸಿಸ್ಟ್ಸ್ ಎಂದು ಬರೆದೆ. ಅಂದರೆ, ಈ ದಾನಿಯ ಸಂಖ್ಯೆ ಹೊತ್ತ ರಸೀದಿ ಒಂದಾದರೂ ಇದೆಯೇ, ಇಲ್ಲದಿದ್ದರೆ ತೋರಿಸು. ಪರದೆಯ ತುಂಬ ಹೆಸರುಗಳು ಬಂದವು. ಮುಂದಿನ ಸಭೆಯಲ್ಲಿ ಹಿಂದೆ ಹೇಳಿದ್ದು ತಪ್ಪು ಎಂದು ತಿಳಿಸಿ, ಆ ಪಟ್ಟಿಯನ್ನು ಓದಿದೆ.

ಸಭೆಯಲ್ಲಿ ಆದ ಮಾತು ಹಳೆಯದೇ. "ಕೊರೊನಾ ಬಂದ ಮೇಲೆ ಜನರ ಕೈ ಬಿಗಿಯಾಯ್ತು." ಇರಬಹುದು ಎಂದು ನನಗೂ ಅನ್ನಿಸಿತು. ಆದರೂ ಇನ್ನೊಂದು ಪ್ರಶ್ನೆ ಕೇಳಿ ನೋಡೋಣವೆಂದು, ಹೀಗೆ ನಿಂತು ಹೋದ ತಿಂಗಳ ದಾನಿಗಳ ಕೊನೆಯ ರಸೀದಿ ಯಾವ ತಿಂಗಳದ್ದು ಎಂದು ಗುಂಪು ಮಾಡಿದೆ. ಕೈ ಬಿಗಿಯಾಗಿ ನಿಲ್ಲಿಸಿದವರು ಒಬ್ಬೊಬ್ಬರು ಒಂದೊಂದು ತಿಂಗಳು ನಿಲ್ಲಿಸಬೇಕು. ಆದರೆ ಅವರಲ್ಲಿ ಬಹುಪಾಲು ಜನರ ಕೊನೆಯ ರಸೀದಿ 2021ರ ಸೆಪ್ಟೆಂಬರ್‌ನದು. ಅಕ್ಟೋಬರ್‌ನಲ್ಲಿ ಒಮ್ಮೆಗೇ ಎಲ್ಲರೂ ಇಲ್ಲ.

ಒಂದೇ ತಿಂಗಳಲ್ಲಿ ಅಷ್ಟು ಜನರ ಮನಸ್ಸು ಒಟ್ಟಿಗೆ ತಿರುಗುವುದಿಲ್ಲ. ಆ ಅಕ್ಟೋಬರ್ 1ರಿಂದ ದೇಶದಲ್ಲಿ ಕಾರ್ಡಿನಿಂದ ಪ್ರತಿ ತಿಂಗಳು ತಾನಾಗಿ ಕಡಿತವಾಗುವ ಪಾವತಿಗಳಿಗೆ ಹೊಸ ನಿಯಮ ಜಾರಿಗೆ ಬಂದಿತ್ತು. ಕಡಿತಕ್ಕೆ ಇಪ್ಪತ್ತನಾಲ್ಕು ಗಂಟೆ ಮೊದಲೇ ಗ್ರಾಹಕರಿಗೆ ತಿಳಿಸಬೇಕು, ಒಪ್ಪಿಗೆಯನ್ನು ಹೆಚ್ಚುವರಿ ಪರಿಶೀಲನೆಯೊಡನೆ ಹೊಸದಾಗಿ ನೋಂದಾಯಿಸಬೇಕು. ಜನರ ಹಣದ ಸುರಕ್ಷತೆಗೆ ಬೇಕಾದ ನಿಯಮವೇ ಅದು. ಕಾರ್ಡಿನಿಂದ ಕೊಡುತ್ತಿದ್ದ ನಮ್ಮ ತಿಂಗಳ ದಾನಿಗಳ ಹಳೆಯ ಒಪ್ಪಿಗೆಗಳು ಅಲ್ಲಿಗೆ ನಿಂತವು, ಹೊಸದಾಗಿ ಕೊಡಿ ಎಂದು ನಾವು ಯಾರಿಗೂ ತಿಳಿಸಿರಲಿಲ್ಲ. ಒಬ್ಬೊಬ್ಬರಿಗೇ ಫೋನ್ ಮಾಡಿದೆ. "ಏನಮ್ಮಾ, ಹೋಗ್ತಾನೇ ಇಲ್ವಾ? ನಾನು ಹೋಗ್ತಿದೆ ಅಂತಲೇ ಇದ್ದೆ" ಎಂದರು ಒಬ್ಬರು. ಇನ್ನೊಬ್ಬರು, "ನಿಮಗೆ ಬೇಡವಾಯ್ತೇನೋ ಅಂದ್ಕೊಂಡು ಸುಮ್ಮನಾದೆ" ಎಂದರು. ಆ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ. ನಾವು ಇಲ್ಲಿ ಕೂತು ಅವರಿಗೆ ಮನಸ್ಸಿಲ್ಲ ಎಂದುಕೊಂಡಿದ್ದೆವು, ಅವರು ಅಲ್ಲಿ ಕೂತು ನಮಗೆ ಬೇಡವಾಯಿತು ಎಂದುಕೊಂಡಿದ್ದರು. ಹೆಚ್ಚಿನವರು ಮತ್ತೆ ಶುರು ಮಾಡಿದರು.

ಕೇಳಬಾರದ ಪ್ರಶ್ನೆಗಳೂ ಇವೆ. ಒಮ್ಮೆ ಹಿರಿಯರೊಬ್ಬರು, ಹೆಸರಿನ ಕೊನೆಯ ಪದ ನೋಡಿ ಯಾವ ಜನಾಂಗದವರು ಎಷ್ಟು ಕೊಟ್ಟಿದ್ದಾರೆ ತೆಗೆದುಕೊಡಿ ಎಂದರು. ಆಗುವುದಿಲ್ಲ ಎಂದೆ. ಯಂತ್ರಕ್ಕೆ ಅದು ಎರಡು ಸಾಲಿನ ಕೆಲಸ. ಆದರೆ ಹಸಿದ ಹುಡುಗಿಯ ಊಟಕ್ಕೆಂದು ಕೊಟ್ಟವರು ಆ ಲೆಕ್ಕಕ್ಕೆ ತಮ್ಮ ಹೆಸರು ಕೊಟ್ಟಿರಲಿಲ್ಲ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂದು ನಂಬಿದ ಜನ ನಮ್ಮವರು. ಅವರ ವಿಳಾಸ, ಪ್ಯಾನ್ ಸಂಖ್ಯೆ, ಫೋನು ಎಲ್ಲ ಈಗ ನಮ್ಮ ಕಂಪ್ಯೂಟರಿನಲ್ಲಿದೆ. ಡೋನರ್ಸ್‌ಚೂಸ್ ಸಂಸ್ಥೆ ದಾಖಲೆ ತೆರೆದಿಟ್ಟಾಗ ದಾನಿಯ ಹೆಸರನ್ನೇ ಕೊಡಲಿಲ್ಲ, ಅಂಚೆ ಸಂಖ್ಯೆಯ ಮೊದಲ ಮೂರು ಅಂಕಿಗಳನ್ನಷ್ಟೇ ಉಳಿಸಿ ಮಿಕ್ಕದ್ದನ್ನು ಅಳಿಸಿತ್ತು. ನಮ್ಮ ದೇಶದಲ್ಲೂ 2023ರಲ್ಲಿ ವೈಯಕ್ತಿಕ ದತ್ತಾಂಶದ ರಕ್ಷಣೆಗೆ ಕಾಯ್ದೆ ಬಂದಿದೆ. ಸಭೆಗೆ ಒಯ್ಯುವ ವರದಿಯಲ್ಲಿ ನಾನು ಈಗ ದಾನಿ ಸಂಖ್ಯೆ ಮತ್ತು ತಾಲ್ಲೂಕು ಮಾತ್ರ ಬರೆಯುತ್ತೇನೆ. ಹೆಸರಿನ ಪಟ್ಟಿ ತೆರೆಯುವ ಗುಟ್ಟು ಇಬ್ಬರ ಬಳಿ ಇದೆ.

ಬಾರದವರನ್ನು ಹುಡುಕುವ ಪ್ರಶ್ನೆಯನ್ನು ಈಗ ಪ್ರತಿ ತಿಂಗಳ ಐದನೆಯ ತಾರೀಖು ಕೇಳುತ್ತೇನೆ. ಹೋದ ವರ್ಷದ ಕೊನೆಯಲ್ಲಿ ಬಂದ ಪಟ್ಟಿಯಲ್ಲಿ ಬಸ್ ಕಂಡಕ್ಟರ್ ಆಗಿ ನಿವೃತ್ತರಾದ ಒಬ್ಬರ ಸಂಖ್ಯೆ ಇತ್ತು. ಪ್ರತಿ ತಿಂಗಳ ಮೊದಲ ವಾರ ತಾವೇ ನಡೆದು ಬಂದು ಇನ್ನೂರು ರೂಪಾಯಿ ಕೊಟ್ಟು, ರಸೀದಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು ಹೋಗುತ್ತಿದ್ದರು. ಫೋನು ಹೆಂಡತಿಯದೇ ಕೊಟ್ಟಿದ್ದರು. ಕರೆ ಮಾಡಿದೆ. ಆ ತಾಯಿ ಎತ್ತಿಕೊಂಡು, ಅವರು ತೀರಿಕೊಂಡು ಇಪ್ಪತ್ತು ದಿನವಾಯಿತು ಎಂದರು. ಏನು ಹೇಳಬೇಕೋ ತೋಚದೆ ನಿಂತೆ. ಅವರೇ ಕೇಳಿದರು: "ತಿಂಗಳು ತಿಂಗಳು ಅಲ್ಲಿಗೆ ಬರ್ತಿದ್ರು ಅಂತ ಗೊತ್ತಿತ್ತಮ್ಮ. ಯಾವತ್ತಿಂದ ಬರ್ತಿದ್ರು? ಪೆಟ್ಟಿಗೇಲಿ ಚೀಟಿಗಳು ಸಿಕ್ಕಿವೆ, ಅಕ್ಷರ ಎಲ್ಲ ಹೋಗಿದೆ."

ಒಂದು ನಿಮಿಷ ಇರಿ ಎಂದು ಹೇಳಿ, ಪರದೆಯ ಮೇಲೆ ಬರೆದೆ. ರಸೀದಿ ಪುಸ್ತಕದಿಂದ, ಈ ದಾನಿ ಸಂಖ್ಯೆಯವುಗಳನ್ನು, ತಾರೀಖಿನ ಕ್ರಮದಲ್ಲಿ, ತೋರಿಸು. ಮೊದಲ ಭಾನುವಾರವೇ ಕಲಿತ ಪ್ರಶ್ನೆ ಅದು. ಮೊದಲ ಸಾಲು 2011ರ ಜುಲೈ ತಿಂಗಳದ್ದು. ನಾನು ತಾರೀಖುಗಳನ್ನು ಒಂದೊಂದಾಗಿ ಓದಲು ಶುರು ಮಾಡಿದೆ. ನಡುವೆ ಒಂದು ಕಡೆ ಅವರು ತಡೆದು, "ಅದು ಮಗಳು ಹೆರಿಗೆಗೆ ಬಂದ ತಿಂಗಳು" ಎಂದರು. ಇನ್ನೊಂದು ಕಡೆ, "ಆವಾಗ ಪೆನ್ಷನ್ ಬಂದಿರಲಿಲ್ಲ, ಎಲ್ಲಿಂದ ತಂದರೋ" ಎಂದರು. ಓದಿ ಮುಗಿಸುವ ಹೊತ್ತಿಗೆ ಕಚೇರಿಯ ಹೊರಗೆ ಹುಡುಗಿಯರು ಊಟದ ತಟ್ಟೆ ಹಿಡಿದು ಸಾಲು ನಿಂತಿದ್ದರು. ಫೋನಿನಲ್ಲಿ ಸ್ವಲ್ಪ ಹೊತ್ತು ಮಾತಿರಲಿಲ್ಲ. ಆಮೇಲೆ ಆ ತಾಯಿ, "ಅದನ್ನ ಒಂದು ಹಾಳೆ ಮೇಲೆ ಬರೆದು ಕೊಡ್ತೀರಾ? ನಾಳೆ ಮೊಮ್ಮಗನ್ನ ಕಳಿಸ್ತೀನಿ" ಎಂದರು.